ಮಿರಜದಿಂದ ಬಂದ ನೀಲಿ ಸಿಲಿಂಡರು

ದುಂಡೇಶನ ಕಾರನ್ನು ಹಿಂದೆ ಹಾಕದವರು ರಾಯಬಾಗ ತಾಲೂಕಿನಲ್ಲಿ ಯಾರೂ ಉಳಿದಿರಲಿಲ್ಲ. ಹಾಲಿನ ಟೆಂಪೊ ಹಿಂದೆ ಹಾಕಿತ್ತು. ಹಾರೂಗೇರಿಯ ಬಸ್ಸು ಹಿಂದೆ ಹಾಕಿತ್ತು. ಒಮ್ಮೆ ಎರಡು ಟ್ರೇಲರ್ ಕಬ್ಬು ಹೇರಿಕೊಂಡು ಏರು ಹತ್ತುತ್ತಿದ್ದ ಟ್ರ್ಯಾಕ್ಟರು ಕೂಡ ಮರಾಠಿ ಹಾಡು ಹಚ್ಚಿಕೊಂಡು, ಕೈ ಬೀಸಿ ಮುಂದೆ ಹೋಗಿತ್ತು. ದುಂಡೇಶ ಸಜ್ಜನ. ಇದನ್ನೆಲ್ಲ ಹೊಟ್ಟೆಗೆ ಹಾಕಿಕೊಂಡಿದ್ದ. ಆದರೆ ಆ ಸೋಮವಾರ ಕಾಗವಾಡದ ರಸ್ತೆಯಲ್ಲಿ ಕೋಮಲಳ ಸ್ಕೂಟಿ ಅವನನ್ನು ಹಿಂದೆ ಹಾಕಿತು. ಹಾಕಿದ್ದಲ್ಲದೆ ಅವಳು ಹೊರಳಿ ಒಮ್ಮೆ ನೋಡಿದಳು. ಅಲ್ಲಿಗೆ ದುಂಡೇಶನ ಸಜ್ಜನಿಕೆ ಮುಗಿಯಿತು.

ಕೋಮಲ ಯಾರೆಂದು ಹೇಳಬೇಕು. ಕಾಗವಾಡದ ದ್ರಾಕ್ಷಿ ಬೆಳೆಗಾರ ಬಾಳಾಸಾಬನ ಒಬ್ಬಳೇ ಮಗಳು. ಅಪ್ಪನ ಒಣದ್ರಾಕ್ಷಿ ಶೆಡ್ಡನ್ನು ಅವಳೇ ನಡೆಸುತ್ತಿದ್ದಳು. ಹದಿನೈದು ದಿನದ ಹಿಂದೆ ದುಂಡೇಶನ ಮನೆಯವರು ಕನ್ಯೆ ನೋಡಲು ಅಲ್ಲಿಗೆ ಹೋಗಿ ಬಂದಿದ್ದರು. ನಮ್ಮ ಕಡೆ ಈಗ ಕಬ್ಬಿದ್ದವನಿಗೆ ಕಾರ್ಖಾನೆ ಸಿಗುತ್ತದೆ, ಕನ್ಯೆ ಸಿಗುವುದಿಲ್ಲ. ದುಂಡೇಶನ ವಯಸ್ಸು ಮೂವತ್ತು ದಾಟಿತ್ತು, ತಲೆಯ ಮೇಲಿನ ಕೂದಲು ಅವಸರದಲ್ಲಿತ್ತು, ನೋಡಿದ ಕನ್ಯೆಗಳ ಲೆಕ್ಕವನ್ನು ಅವನ ತಾಯಿ ಅಕ್ಕವ್ವ ಎಂದೋ ಬಿಟ್ಟಿದ್ದಳು. ಬೇರೆ ಮನೆಗಳಲ್ಲಿ "ನೌಕರಿ ಏನ್ರಿ?" ಎಂದು ಕೇಳಿ ಅವಲಕ್ಕಿಯ ತಾಟು ಒಳಗೆ ಒಯ್ಯುತ್ತಿದ್ದರು. ಕೋಮಲ ಮಾತ್ರ, "ನಿಮಗ ಅಡಗಿ ಬರ್ತೈತೇನ್ರಿ?" ಎಂದು ಕೇಳಿದಳು. ದುಂಡೇಶ ವಿಚಾರ ಮಾಡಿ, "ಚಾ ಬರ್ತೈತ್ರಿ. ಒಮ್ಮೊಮ್ಮೆ ಉಕ್ಕತೈತಿ" ಅಂದ. ಅವಳು ನಕ್ಕಳು. ಅವನು ಆ ನಗುವನ್ನು ಮನೆಗೆ ತಂದುಕೊಂಡು ಅಂದಿನಿಂದ ಸರಿಯಾಗಿ ಉಂಡಿರಲಿಲ್ಲ. ಬಾಳಾಸಾಬ "ಹೇಳಿ ಕಳಸ್ತೀವಿ" ಎಂದಿದ್ದ. ಹೇಳಿ ಕಳಿಸಿರಲಿಲ್ಲ. ಅದಕ್ಕೇ ದುಂಡೇಶ ಸೋಮವಾರ ಏನೂ ಕೆಲಸವಿಲ್ಲದೆ ಆ ರಸ್ತೆಯಲ್ಲಿ ಕಾರು ಓಡಿಸುತ್ತಿದ್ದ.

ಕಾರು ಸುಮಾರಿನದೇನಲ್ಲ. ಕೊಲ್ಲಾಪುರದ ಹಳೇ ಗಾಡಿಗಳ ವ್ಯಾಪಾರಿ ಬಾನೆಟ್ಟು ತಟ್ಟಿ, "ರೇಸಚಂ ಇಂಜಿನ್ ಆಹೆ, ಸಾಹೇಬ!" ಎಂದು, ರೇಸಿನ ಇಂಜಿನ್ನೆಂದೇ ಹೊಗಳಿ ಕೊಟ್ಟದ್ದು. ಆ ಮಾತು ಸುಳ್ಳೂ ಅಲ್ಲ. ಪೆಟ್ರೋಲನ್ನು ಅಳೆದು ಇಂಜಿನ್ನಿಗೆ ಚಿಮ್ಮಿಸಲು ಅದರೊಳಗೊಂದು ಕಂಪ್ಯೂಟರು ಇತ್ತು. ಓಡಿಸುವವನೊಳಗೆ ಮಾತ್ರ ಅಂಥದ್ದೇನೂ ಇರಲಿಲ್ಲ. ದುಂಡೇಶ ಮೂರನೇ ಗೇರಿನ ಮೇಲೆ ಹೋದದ್ದನ್ನು ಕಂಡವರಿಲ್ಲ. ಆದರೂ ಅವನ ತೀರ್ಮಾನ ಬೇರೆ. ಕಾರಿಗೆ ಪಿಕಪ್ ಸಾಲದು, ಸಾಲದ್ದಕ್ಕೇ ಕೋಮಲ ಹೊರಳಿ ನೋಡಿದಳು, ನೋಡಿದ್ದಕ್ಕೇ ಕಾಗವಾಡದಿಂದ ಸುದ್ದಿ ಬರುತ್ತಿಲ್ಲ. ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಎಂದರೆ ಹೀಗೆಯೇ ಶುರುವಾಗುತ್ತದೆ.

ಮರುದಿನವೇ ಅವನು ಚಿಕ್ಕೋಡಿ ದಾಟಿ ನಿಪ್ಪಾಣಿಗೆ ಹೋದ. ಅಲ್ಲಿ ಹೈವೇ ಬದಿಗೆ ಶಾಂತಿನಾಥನ ಗ್ಯಾರೇಜಿತ್ತು. ಮೂರು ವರ್ಷದ ಹಿಂದಿನವರೆಗೆ ಶಾಂತಿನಾಥ ಪಂಪ್‌ಸೆಟ್ ಮೋಟರು ಕಟ್ಟುತ್ತಿದ್ದ. ಆಮೇಲೆ ಮೊಬೈಲಿನಲ್ಲಿ ಅಮೆರಿಕದವರ ವಿಡಿಯೊ ನೋಡಿ ನೋಡಿ ಒಂದು ಕಪ್ಪು ಕನ್ನಡಕ ಕೊಂಡು, ಬೋರ್ಡಿನ ಮೇಲೆ 'ರೇಸಿಂಗ್' ಎಂದು ಬರೆಸಿದ್ದ.

"ನಿಮ್ಮ ಗಾಡಿಗೆ ನೈಟ್ರಸ್ ಬೇಕು" ಅಂದ ಶಾಂತಿನಾಥ, ಬಾನೆಟ್ಟು ತೆರೆಯುವ ಮೊದಲೇ.

"ಅದ ಏನ್ರಿ?"

"ಗ್ಯಾಸ್. ನೀವ ಕಬ್ಬಿಗೆ ಏನ ಹಾಕ್ತೀರಿ?"

"ಯೂರಿಯಾ."

"ಹಾಕಿದ ಮ್ಯಾಲ ಕಬ್ಬ ಏನ ಮಾಡ್ತೈತಿ?"

"ಸರ್ರನ ಏಳ್ತೈತ್ರಿ."

"ಹಂಗಽ ಇಂಜಿನ್ನೂ ಏಳ್ತೈತಿ!" ಶಾಂತಿನಾಥ ಕನ್ನಡಕ ತೆಗೆದು ಒರೆಸಿದ. "ಡಿಕ್ಕ್ಯಾಗ ಒಂದು ನೀಲಿ ಸಿಲಿಂಡರ್ ಕುಂದರತೈತಿ. ಅಲ್ಲಿಂದ ಪೈಪು ಇಂಜಿನ್ನಿನ ಗಾಳಿ ಕೊಳವಿಗೆ. ನಿಮ್ಮ ಕೈ ಹತ್ರ ಕೆಂಪ ಸ್ವಿಚ್. ಸ್ವಿಚ್ ಹಾಕಿ, ಆಕ್ಸಿಲೇಟರ್ ಪೂರ್ತಿ ತಳಕ್ಕ ಹತ್ತೂ ತನಕಾ ತುಳದ್ರಿ ಅಂದ್ರ, ವಾಲ್ ತಗದ ಗ್ಯಾಸ್ ಬುಸ್ ಅಂತೈತಿ. ಅರ್ಧ ತುಳದ್ರ ಏನೂ ಆಗೂದಿಲ್ಲ. ಪೂರ್ತಿ ತುಳೀಬೇಕು. ಆವಾಗ ನಿಮ್ಮ ಮುಂದ ಯಾಂವ ಇರ್ತಾನ?"

ದುಂಡೇಶನ ಕಣ್ಣ ಮುಂದೆ ಒಂದು ಸ್ಕೂಟಿ ಹಿಂದಕ್ಕೆ ಸರಿದು ಹೋಯಿತು. ಆದರೂ ಒಕ್ಕಲಿಗನ ಮಗ; ಒಂದು ಸಂಶಯ ಬಂತು. "ಗ್ಯಾಸ್ ಹೆಚ್ಚ ಹ್ವಾದ್ರ ಪೆಟ್ರೋಲೂ ಹೆಚ್ಚ ಬೇಕಾಗೂದಿಲ್ಲೇನ್ರಿ? ಗಾಳಿ ಅಷ್ಟಽ ಊದಿದ್ರ ಕಮ್ಮಾರನ ಕುಲುಮ್ಯಾಗ ಕಬ್ಬಿಣ ಕರಗತೈತಿ."

"ಅದಕ್ಕ ಒಂದು ಬ್ಯಾರೆ ಪೆಟ್ರೋಲ್ ನಳ ಬರ್ತೈತಿ. ಪುಣೆಯೊಳಗ ಸ್ಟಾಕ್ ಇಲ್ಲ. ನಿಮ್ಮದು ಕಂಪ್ಯೂಟರ್ ಇಂಜಿನ್ ಐತಲ್ಲ, ಅದಽ ತಿಳಕೊಂಡ ಬಿಡ್ತೈತಿ. ಶಾಣ್ಯಾ ಇರ್ತೈತಿ ಅದು."

ತನ್ನ ಸುತ್ತಲಿನ ಎಲ್ಲರೂ ತನಗಿಂತ ಶಾಣ್ಯಾ, ತನಗಿಂತ ಜಾಣರು ಎಂದು ನಂಬಿಯೇ ಬೆಳೆದ ದುಂಡೇಶ, ಕಂಪ್ಯೂಟರನ್ನೂ ನಂಬಿದ.

ಒಂದೇ ತೊಡಕು. ಸಿಲಿಂಡರು ಖಾಲಿ ಬಂದಿತ್ತು. ತುಂಬಿಸಲು ಮಿರಜಕ್ಕೇ ಹೋಗಬೇಕು. ಅಲ್ಲಿ ಆಸ್ಪತ್ರೆಗಳಿಗೆ ಗ್ಯಾಸ್ ಪೂರೈಸುವ ಒಬ್ಬ ಶಾಂತಿನಾಥನ ಗುರುತಿನವನಿದ್ದ. ಆಪರೇಶನ್ನಿಗೆ ಮುಂಚೆ ರೋಗಿಯ ಮೂಗಿಗೆ ಹಿಡಿಯುವ ಗ್ಯಾಸೂ ಇದೇ ಅಂತೆ. ಮನುಷ್ಯನನ್ನು ಮಲಗಿಸುವ ಗ್ಯಾಸು ಇಂಜಿನ್ನನ್ನು ಹೇಗೆ ಎಬ್ಬಿಸುತ್ತದೆ ಎಂದು ದುಂಡೇಶ ಕೇಳಲಿಲ್ಲ.

ಮಿರಜ ಎಂದರೆ ನಮ್ಮವರಿಗೆ ಏನೆಂದು ಹೊರಗಿನವರಿಗೆ ತಿಳಿಯದು. ರಾಯಬಾಗ, ಅಥಣಿ, ಕಾಗವಾಡ ಎಲ್ಲಿಯವನಾದರೂ ಸರಿ, 'ಮಿರಜಕ್ಕ ಹೋಗ್ಯಾನ' ಎಂದು ಕಿವಿಗೆ ಬಿದ್ದರೆ ಜನ 'ಯಾಕ' ಎಂದು ಕೇಳುವುದಿಲ್ಲ. 'ಯಾವ ವಾರ್ಡು' ಎಂದು ಕೇಳುತ್ತಾರೆ. ಬೆಳಗಾವಿಗೆ ಕಚೇರಿ ಕೆಲಸಕ್ಕೆ ಹೋಗುತ್ತಾರೆ, ಕೊಲ್ಲಾಪುರಕ್ಕೆ ದೇವರಿಗೆ ಹೋಗುತ್ತಾರೆ, ಮಿರಜಕ್ಕೆ ಹೋಗುವುದು ಡಾಕ್ಟರರು ಕೈಬಿಟ್ಟಾಗ ಅಥವಾ ಕೈಹಿಡಿದಾಗ. ಅಲ್ಲಿಗೆ ಬರೀ ಮೋಜಿಗೆ ಹೋದ ಮನುಷ್ಯನನ್ನು ನಮ್ಮ ಊರು ಇನ್ನೂ ಕಂಡಿಲ್ಲ.

ಆಸ್ಪತ್ರೆಗಳ ಓಣಿಯಲ್ಲಿ ಕಾರು ನಿಲ್ಲಿಸಲು ಜಾಗ ಸಿಗದೆ ದುಂಡೇಶ ದೂರ ನಿಲ್ಲಿಸಿದ್ದ. ತುಂಬಿದ ಸಿಲಿಂಡರನ್ನು ಕೂಸಿನಂತೆ ಎದೆಗೆ ಅವಚಿಕೊಂಡು ಬರುವಷ್ಟರಲ್ಲಿ ಮೈಯೆಲ್ಲ ಬೆವರಿ, ಉಬ್ಬಸ ಹತ್ತಿ, ಒಂದು ದವಾಖಾನೆಯ ಮೆಟ್ಟಿಲ ಮೇಲೆ ಕುಸಿದು ಕೂತ. ಆಗಲೇ ಒಳಗಿನಿಂದ ಮಂಡಿ ತೋರಿಸಿಕೊಂಡು ಸುಂದ್ರವ್ವ ಹೊರಬಂದಳು. ಸುಂದ್ರವ್ವ ದುಂಡೇಶನ ಪಕ್ಕದ ಮನೆಯವಳು. ಮಂಡಿ ನಡೆಯುತ್ತಿರಲಿಲ್ಲ ಅಷ್ಟೆ, ನಾಲಿಗೆಗೆ ಯಾವ ತೊಂದರೆಯೂ ಇರಲಿಲ್ಲ.

"ಯಪ್ಪಾ ದುಂಡೇಶಾ! ಏನೋ ಇದು!"

ದುಂಡೇಶನ ಕಣ್ಣೆದುರು ಬಂದದ್ದು ಸುಂದ್ರವ್ವನ ಮುಖವಲ್ಲ, ಅಪ್ಪ ರಾವಸಾಹೇಬನ ಮುಖ. ಹಿಂದೆ ಕಾರಿಗೆ ದೊಡ್ಡ ಸದ್ದಿನ ಸೈಲೆನ್ಸರು ಹಾಕಿಸಿದಾಗ ಎಮ್ಮೆ ಬೆದರಿ ಹಾಲು ಬತ್ತಿಸಿತ್ತು. ಅವತ್ತು ರಾವಸಾಹೇಬ, "ಇನ್ನೊಮ್ಮಿ ಆ ಗಾಡಿಗೆ ಏನರ ಹಚ್ಚಿದಿ ಅಂದ್ರ, ಗಾಡೀನೂ ನಿನ್ನೂ ಕೂಡಿ ಕಬ್ಬಿನ ಸಾಲಿನ್ಯಾಗ ಹುಗೀತೀನಿ" ಎಂದಿದ್ದ. ಆಡಿದಂತೆ ಮಾಡುವ ಮನುಷ್ಯ ಅವನು.

"ಕಾಕೂ," ಎಂದು ದುಂಡೇಶ ಏದುಸಿರಿನಲ್ಲಿ ಕೈ ಮುಗಿದ, "ನಿಮ್ಮ ಕಾಲ ಬೀಳ್ತೀನಿ. ಮನ್ಯಾಗ ಮಾತ್ರ ಹೇಳಬ್ಯಾಡ್ರಿ."

ಸುಂದ್ರವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಆಣೆ ಮಾಡಿದಳು. ಮಾತಿಗೆ ತಪ್ಪಲೂ ಇಲ್ಲ. ಅವನ ಮನೆಯಲ್ಲಿ ಹೇಳಲಿಲ್ಲ. ಉಳಿದೆಲ್ಲ ಮನೆಗಳಲ್ಲಿ ಹೇಳಿದಳು. ಬಸ್ಸಿನಲ್ಲೇ ಕುಡಚಿಯವರೆಗೆ ಅರ್ಧ ಜನಕ್ಕೆ ಗೊತ್ತಾಗಿತ್ತು.

ದುಂಡೇಶ ಮಾತ್ರ ನೇರ ನಿಪ್ಪಾಣಿಗೆ ಹೋಗಿ, ಸಿಲಿಂಡರು ಕೂರಿಸಿ, ಪೈಪು ಜೋಡಿಸಿಕೊಂಡು, ಮರುದಿನ ಇಳಿಹೊತ್ತಿಗೆ ಊರಿಗೆ ಬಂದ. ಬರುವಾಗ ಕೆಂಪು ಸ್ವಿಚ್ಚು ಹಾಕಿಕೊಂಡೇ ಬಂದ. ಆದರೆ ಕಬ್ಬು ಕಡಿಯುವ ಹಂಗಾಮು. ಚಿಕ್ಕೋಡಿಯಿಂದ ಹಾರೂಗೇರಿಯವರೆಗೆ ಒಂದರ ಹಿಂದೊಂದು ಟ್ರ್ಯಾಕ್ಟರು. ಟ್ರ್ಯಾಕ್ಟರು ಇಲ್ಲದ ಕಡೆ ರಸ್ತೆ ಉಬ್ಬು. ಉಬ್ಬು ಇಲ್ಲದ ಕಡೆ ರಸ್ತೆಯೇ ಇಲ್ಲ. ಆಕ್ಸಿಲೇಟರು ತಳ ಮುಟ್ಟುವ ಯೋಗ ಎಲ್ಲೂ ಬರಲಿಲ್ಲ. ದೇಶದಲ್ಲೇ ಅತಿ ವೇಗದ ಸಾಧನ ಹೊತ್ತು ದುಂಡೇಶ ಎಂದಿನಂತೆ ಎಲ್ಲರಿಗಿಂತ ಹಿಂದೆ ಮನೆ ಮುಟ್ಟಿದ.

ಮನೆಯ ಮುಂದೆ ಚಪ್ಪಲಿಗಳ ರಾಶಿ ಬಿದ್ದಿತ್ತು. ಒಳಗೆ ಕಾಲಿಟ್ಟರೆ ಪಡಸಾಲೆ ತುಂಬ ಬೀಗರು, ನೆಂಟರು, ಓಣಿಯವರು. ಒಂದು ಮೂಲೆಯಲ್ಲಿ ಎಳನೀರು, ಬಾಳೆಹಣ್ಣಿನ ಗೊನೆ, ಬ್ರೆಡ್ಡು, ಬಿಸ್ಕೀಟಿನ ಪುಡೆಗಳು ಅಂಗಡಿ ಇಟ್ಟಂತೆ ಇದ್ದವು. ಮಂದಿ ಅವನಿಗೆ ದಾರಿ ಬಿಟ್ಟು ನೋಡಿದರು.

"ಮಾರಿ ಎಷ್ಟ ಇಳದೈತಿ ನೋಡ್ರಿ," ಎಂದಿತು ಒಂದು ದನಿ.

"ನಡಗೀನ ಹೇಳ್ತೈತಿ," ಎಂದಿತು ಇನ್ನೊಂದು.

ರಾವಸಾಹೇಬ ಎದ್ದು ಬಂದ. ದುಂಡೇಶ ಕಣ್ಣು ಮುಚ್ಚಿ ಕೆನ್ನೆ ಸಿದ್ಧ ಮಾಡಿಕೊಂಡ. ಆದರೆ ಅಪ್ಪನ ಕೈ ಅವನ ಹೆಗಲ ಮೇಲೆ ಮೆತ್ತಗೆ ಬಿತ್ತು. ಹುಟ್ಟಿದಾಗಿನಿಂದ ಆ ಕೈ ಆ ರೀತಿ ಬಿದ್ದದ್ದು ದುಂಡೇಶನಿಗೆ ನೆನಪಿಲ್ಲ.

"ಯಾಕ ಮುಚ್ಚಿಟ್ಟಿ, ಮಗನ? ಪುಪ್ಪುಸದ ಜಡ್ಡು, ಆಕ್ಸಿಜನ್ ಮ್ಯಾಲ ಅದಾನಂತ ಊರೆಲ್ಲಾ ಅಂದ ಮ್ಯಾಲ ನನಗ ತಿಳೀಬೇಕೇನು? ನಿನಗ ಜಡ್ಡಂತ ನಾ ಬೈತಿದ್ನೇನು? ಮತ್ತ ಗಾಡಿಗೆ ಏನರ ಹಚ್ಚಿಸಿ ಬಂದಿದ್ರ ಕಾಲ ಮುರೀತಿದ್ದೆ, ಅದು ಖರೆ. ಇದ ಹಂಗ ಅಲ್ಲ, ದೇವರ ಕೊಟ್ಟದ್ದು."

ಸತ್ಯ ದುಂಡೇಶನ ಗಂಟಲವರೆಗೆ ಬಂದಿತ್ತು. ಅಪ್ಪನ ಕೊನೆಯ ಮಾತು ಕೇಳಿ ಅದು ತಾನಾಗಿ ಕೆಳಗಿಳಿಯಿತು. ಒಂದು ಕಡೆ ಮುರಿದ ಕಾಲು, ಇನ್ನೊಂದು ಕಡೆ ಎಳನೀರು. ಆಯ್ಕೆ ಕಷ್ಟದ್ದೇನಲ್ಲ. ದುಂಡೇಶ ಮೆಲ್ಲಗೆ ಗೋಡೆಗೆ ಒರಗಿ, "ಜರಾ ತ್ರಾಸ ಐತಿ" ಅಂದ.

ಅಲ್ಲಿಂದ ಅವನ ರಾಜಭೋಗ ಶುರುವಾಯಿತು. ಕಬ್ಬಿನ ಗ್ಯಾಂಗಿನ ಹಿಂದೆ ಬಿಸಿಲಲ್ಲಿ ನಿಲ್ಲುವ ಕೆಲಸ ತಪ್ಪಿತು. ಮಂದಿ ಬರುತ್ತಿದ್ದರು, ಅವನ ಎದೆ ನೋಡುತ್ತಿದ್ದರು, ಆಮೇಲೆ ಹೊರಗೆ ಹೋಗಿ ಕಾರಿನ ಡಿಕ್ಕಿ ತೆಗೆಸಿ ಸಿಲಿಂಡರು ನೋಡುತ್ತಿದ್ದರು. ಅಕ್ಕವ್ವ ಅದಕ್ಕೆ ಕುಂಕುಮ ಹಚ್ಚಿ ನಿಂಬೆಹಣ್ಣು ಕಟ್ಟಿದಳು. ಒಬ್ಬ ಮುದುಕ ಬೀಡಿ ಆರಿಸಿ, ಚಪ್ಪಲಿ ಬಿಟ್ಟು ಡಿಕ್ಕಿಗೆ ಕೈ ಮುಗಿದ. ಭೋಗದಲ್ಲಿ ಒಂದೇ ಕೊರತೆ: ಅಕ್ಕವ್ವ ಖಾರ ಬಂದ್ ಮಾಡಿ ಮೂರು ಹೊತ್ತೂ ಗಂಜಿ ಕೊಟ್ಟಳು. ಅತ್ತ ಒಲೆಯ ಮೇಲೆ ಬಂದವರಿಗಾಗಿ ಖಾರಬ್ಯಾಳಿ ಕುದಿಯುತ್ತಿದ್ದರೆ ಇತ್ತ ಪೇಶಂಟು ಗೋಡೆ ಕಡೆ ಹೊರಳಿ ಮಲಗುತ್ತಿದ್ದ.

ಎರಡನೇ ದಿನ ಪಂಚಾಯತಿ ಮೆಂಬರ್ ಮುರಗೆಪ್ಪ ಬಂದ. ಮುರಗೆಪ್ಪನ ಕಣ್ಣು ಯಾವಾಗಲೂ ಮುಂದಿನ ಇಲೆಕ್ಷನ್ನಿನ ಮೇಲೆ; ಜನರ ಸಾವು, ನೋವು, ನಾಮಕರಣ ಯಾವುದೂ ಅವನ ಫೋಟೊ ಇಲ್ಲದೆ ಪೂರ್ತಿಯಾಗುತ್ತಿರಲಿಲ್ಲ. ದುಂಡೇಶನ ಕೈಗೆ ಒಂದು ಸೇಬು ಕೊಟ್ಟು, ಬಿಡದೆ ಹಿಡಿದುಕೊಂಡು ಫೋಟೊ ತೆಗೆಸಿಕೊಂಡ.

"ಸ್ವಲ್ಪ ಕಣ್ಣ ತೇಲಿಸ್ರಿ, ದುಂಡೇಶಣ್ಣಾ. ಹಾಂ, ಇಷ್ಟ ಸಾಕು. ಭಾಳ ತೇಲಿಸಬ್ಯಾಡ್ರಿ, ಮಂದಿ ತೀರಕೊಂಡ್ರು ಅಂತ ತಿಳಕೊಂಡಾರು."

ಮರುದಿನ ಬೆಳಿಗ್ಗೆ ಹಾರೂಗೇರಿ ಕ್ರಾಸಿನಲ್ಲಿ ದೊಡ್ಡ ಫ್ಲೆಕ್ಸು ಎದ್ದಿತ್ತು. ಕೈ ಮುಗಿದು ನಗುತ್ತಿರುವ ಮುರಗೆಪ್ಪ ಆಳೆತ್ತರ. ಮೂಲೆಯಲ್ಲಿ ಸೇಬಿನ ಗಾತ್ರದ ದುಂಡೇಶ. ಕೆಳಗೆ: 'ನಮ್ಮ ನೆಚ್ಚಿನ ದುಂಡೇಶಣ್ಣನವರು ಶೀಘ್ರ ಗುಣಮುಖರಾಗಲಿ.'

ಫ್ಲೆಕ್ಸಿನ ಸುದ್ದಿ ಕೇಳಿದ ಮೇಲೆ ದುಂಡೇಶನಿಗೆ ಮೊದಲ ಬಾರಿಗೆ ಖರೇ ಉಸಿರು ಕಟ್ಟಿತು. ಆ ಕ್ರಾಸಿನಲ್ಲೇ ದ್ರಾಕ್ಷಿ ಟೆಂಪೊಗಳು ಚಹಾಕ್ಕೆ ನಿಲ್ಲುತ್ತವೆ. ಅವುಗಳಲ್ಲಿ ಅರ್ಧ ಕಾಗವಾಡದವು. ಜಡ್ಡಿನವನಿಗೆ ಯಾರು ಮಗಳನ್ನು ಕೊಡುತ್ತಾರೆ? ಅವಳ ನಗು ಇನ್ನೊಬ್ಬನ ಮನೆ ಸೇರುತ್ತದೆ. ಗಂಜಿ ಬದಿಗಿಟ್ಟು ಅವನು ತಲೆಯ ಮೇಲೆ ಕೈ ಹೊತ್ತು ಕೂತ. ನೋಡಿದವರೆಲ್ಲ, "ಇವತ್ತ ಜಡ್ಡ ಜೋರ ಆಗೇತಿ" ಅಂದರು.

ಅವನ ಅಂಜಿಕೆಯಂತೆಯೇ ಆಯಿತು. ಮಧ್ಯಾಹ್ನ ಬಸ್ಸು ಹಿಡಿದು ಬಾಳಾಸಾಬನೇ ಬಂದ. ಬಿಳಿ ಟೋಪಿ, ಕೈಯಲ್ಲಿ ಒಂದು ಪೆಟ್ಟಿಗೆ ದ್ರಾಕ್ಷಿ. ಎಲ್ಲರಂತೆ ಎದೆ ನೋಡಿದ, ಎಲ್ಲರಂತೆ ನಿಟ್ಟುಸಿರು ಬಿಟ್ಟ. ದುಂಡೇಶ ತಡೆಯಲಾರದೆ ಅವನನ್ನು ದನದ ಕೊಟ್ಟಿಗೆಯ ಹಿಂದೆ ಕರೆದೊಯ್ದ.

"ಮಾಮಾರ, ನನಗ ಏನೂ ಆಗಿಲ್ರಿ! ಆ ಸಿಲಿಂಡರ್ ನನಗಲ್ಲ. ಗಾಡಿಗೆ!"

ಬಾಳಾಸಾಬ ಬಹಳ ಕರುಣೆಯಿಂದ ತಲೆದೂಗಿದ. "ಹೌದ ತಮ್ಮಾ, ಹೌದು. ಗಾಡಿಗೂ ಉಸರ ಬೇಕಲ್ಲ."

"ಖರೇನ ಹೇಳಾಕತ್ತೀನ್ರಿ! ಅದು ಓಡಾಕ ಹಚ್ಚಿದ್ದು!"

"ಓಡತಿ, ಓಡತಿ. ಮೊದಲ ನಡಿಯಾಕ ಬರ್ಲಿ."

"ಹಂಗಾದ್ರ ಬರ್ರಿ, ಗಾಡ್ಯಾಗ ಕುಂದರ್ರಿ. ಕಾಗವಾಡ ತನಕಾ ನಾನಽ ಬಿಡ್ತೀನಿ. ಕಣ್ಣಿಂದ ನೋಡಿದ ಮ್ಯಾಲ ನಂಬ್ತೀರಿ."

ಪೇಶಂಟು ಕಾರು ಹತ್ತುವುದನ್ನು ಕಂಡು ಮನೆಯಲ್ಲಿ ಹುಯಿಲೆದ್ದಿತು. ಕೊನೆಗೆ ಸುಂದ್ರವ್ವನೇ, "ಇರ್ಲಿ ಬಿಡ್ರಿ, ಗ್ಯಾಸ್ ಹೆಂಗೂ ಹಿಂದಽ ಐತಿ" ಎಂದು ಸಮಾಧಾನ ಮಾಡಿದಳು. ಅಕ್ಕವ್ವ ಕಿಟಕಿಯಿಂದ ಗಂಜಿಯ ಡಬ್ಬಿ ಕೊಟ್ಟಳು.

ದುಂಡೇಶ ಕೆಂಪು ಸ್ವಿಚ್ಚು ಹಾಕಿ ಹೊರಟ. ಊರ ಗಡಿ ದಾಟುತ್ತಲೇ ಮುಂದೆ ಎರಡು ಟ್ರೇಲರಿನ ಟ್ರ್ಯಾಕ್ಟರು. ಅದನ್ನು ದಾಟಿದರೆ ಅದರ ಅಣ್ಣ. ಕುಡಚಿಯ ಕೃಷ್ಣಾ ಸೇತುವೆಯ ಮೇಲೆ ಒಂದು ಟ್ರೇಲರಿನ ಗಾಲಿ ಪಂಕ್ಚರಾಗಿ ಎಲ್ಲರೂ ನಿಂತರು. ಸೇತುವೆ ದಾಟಿದ ಮೇಲೆ ಎತ್ತಿನ ಗಾಡಿಗಳ ಸಾಲು ಕೂಡಿಕೊಂಡಿತು. ದುಂಡೇಶನ ಕಾಲು ಮೇಲೆ ಕೆಳಗೆ ಆಡಿ ಆಡಿ ನೋಯತೊಡಗಿತು. ಆಕ್ಸಿಲೇಟರಿನ ತಳ ಕಾಶಿಯಷ್ಟು ದೂರ ಉಳಿಯಿತು. ಬಾಳಾಸಾಬ ದ್ರಾಕ್ಷಿ ತೋಟಗಳನ್ನು ನೋಡುತ್ತ, ನಡುನಡುವೆ ಪಕ್ಕದವನನ್ನು ನೋಡುತ್ತ ಕೂತಿದ್ದ. ಕೊನೆಗೆ ದುಂಡೇಶನ ಕಡೆ ಹೊರಳಿದ.

"ತಮ್ಮಾ, ಒಂದ ಮಾತ ಹೇಳ್ಲಿ? ನನ್ನ ತಮ್ಮನ ಮಗ ಸಂಗ್ರಾಮ ಈ ರಸ್ತ್ಯಾಗ ಇಷ್ಟೊತ್ತಿಗೆ ನಾಕ ಮಂದಿ ಕೂಡ ಜಗಳಾಡಿರ್ತಿದ್ದ, ಒಬ್ಬನ್ನ ಕೆಡವಿರ್ತಿದ್ದ. ನೀ ಒಂದ ಸಲಾನೂ ಹಾರ್ನ್ ಹೊಡೀಲಿಲ್ಲ. ಎತ್ತಿನ ಗಾಡ್ಯಾವಗ ಮೊದಲ ದಾರಿ ಬಿಟ್ಟಿ. ಜಡ್ಡಿಂದ ಏನ, ದವಾ ಐತಿ. ತಾಳ್ಮಿ ಇಲ್ಲದಾವಗ ದವಾ ಇಲ್ಲ." ಬಾಳಾಸಾಬ ಟೋಪಿ ಸರಿಪಡಿಸಿಕೊಂಡ. "ಇವತ್ತ ಬ್ಯಾಡ ಅಂತ ಹೇಳಿ ಹೋಗಾಕ ಬಂದಿದ್ದೆ. ಕೋಮಲ್ ಮಾತ್ರ ನೋಡಿ ಹೇಳ್ರಿ ಅಂದಿದ್ಲು. ನೋಡಿದೆ. ನನ್ನ ಹೂಂ ಐತಿ ಅಂತ ತಿಳಕೊ."

ಬುದ್ಧಿವಂತರ ಕಥೆಯಾಗಿದ್ದರೆ ಇಲ್ಲಿಗೆ ಮುಗಿಯಬೇಕಿತ್ತು. ದುಂಡೇಶನ ಹೊಟ್ಟೆಯಲ್ಲಿ ಸಂತೋಷ ಏಳುವಷ್ಟರಲ್ಲಿ ಅದರ ಬೆನ್ನಿಗೇ ಒಂದು ಮುಳ್ಳು ಎದ್ದಿತು. ಹೂಂ ಅಂದದ್ದು ಜಡ್ಡಿನ ದುಂಡೇಶನಿಗೆ. ಕೋಮಲ ಆಯುಷ್ಯವಿಡೀ ತನ್ನನ್ನು ಒಬ್ಬ ಪೇಶಂಟಿನಂತೆ ನೋಡಬೇಕೆ? ಅದೇ ಗಳಿಗೆಗೆ ಮುಂದಿನ ಟ್ರ್ಯಾಕ್ಟರು ಕಾರ್ಖಾನೆಯ ದಾರಿಗೆ ಹೊರಳಿತು. ಅದರ ಹಿಂದಿನದೂ ಹೊರಳಿತು. ಮುಂದೆ ಕಾಗವಾಡದವರೆಗೆ ರಸ್ತೆ ನೆಟ್ಟಗೆ, ಹೊಸ ಡಾಂಬರು, ಒಂದು ನಾಯಿಯೂ ಇಲ್ಲ. ಅಂಥ ರಸ್ತೆಯನ್ನು ದುಂಡೇಶ ಈ ಜನ್ಮದಲ್ಲಿ ಕಂಡಿರಲಿಲ್ಲ.

"ಮಾಮಾರ, ಗಟ್ಟಿ ಹಿಡಕೋರಿ," ಎಂದು ಅವನು ತಳಕ್ಕೆ ತುಳಿದ.

ಡಿಕ್ಕಿಯಲ್ಲಿ ಬುಸ್ ಎಂದಿತು. ಕಾರು ಒಮ್ಮೆ ಕೂತು, ಎದ್ದು, ಹಾರಿತು. ದ್ರಾಕ್ಷಿ ತೋಟದ ಕಂಬಗಳೆಲ್ಲ ಕೂಡಿ ಒಂದೇ ಗೋಡೆಯಾದವು. ಬಾಳಾಸಾಬನ ಟೋಪಿ ಕಿಟಕಿಯಿಂದ ಹೊರಬಿದ್ದು ಹಿಂದೆ ಉಳಿಯಿತು. ಗಂಜಿಯ ಡಬ್ಬಿ ಬಿಚ್ಚಿಕೊಂಡು ಇಬ್ಬರಿಗೂ ಅಭಿಷೇಕವಾಯಿತು. "ಯಪ್ಪಾ! ಯವ್ವಾ! ಆಯಿ ಗ!" ಎಂದು ಬಾಳಾಸಾಬ ತನಗೆ ಬರುವ ಎರಡೂ ಭಾಷೆಯಲ್ಲಿ ಕೂಗಿದ. ದುಂಡೇಶ ಸ್ಟೇರಿಂಗು ಅವಚಿಕೊಂಡ. ಇಷ್ಟೆಲ್ಲ ಒಂದು ಕೆಮ್ಮು ಕೆಮ್ಮುವಷ್ಟು ಹೊತ್ತು. ಶಾಣ್ಯಾ ಕಂಪ್ಯೂಟರು ಹೆಚ್ಚಿನ ಪೆಟ್ರೋಲು ಕೊಡಲಿಲ್ಲ. ಗ್ಯಾಸು ಮಾತ್ರ ಊದಿತು. ಒಳಗೆ ಏನೋ ಕರಗಿ, ಏನೋ ಮುರಿದು, ಢಮ್ಮೆಂದು ಬಾನೆಟ್ಟಿನಿಂದ ಬಿಳಿ ಹೊಗೆ ಎದ್ದಿತು. ಕಾರು ತೇಲುತ್ತ ಹೋಗಿ ಒಣದ್ರಾಕ್ಷಿ ಶೆಡ್ಡುಗಳ ಎದುರಿಗೆ ನಿಂತಿತು.

ಸದ್ದಿಗೆ ಶೆಡ್ಡಿನ ಹೆಣ್ಣುಮಕ್ಕಳೆಲ್ಲ ಹೊರಗೆ ಬಂದರು. ಕೋಮಲ ಅಪ್ಪನ ಬರಿ ತಲೆ ಕಂಡು ಸ್ಕೂಟಿ ಹತ್ತಿ, ಹಿಂದಕ್ಕೆ ಹೋಗಿ ದಾರಿಯಲ್ಲಿ ಬಿದ್ದಿದ್ದ ಟೋಪಿಯನ್ನು ಎತ್ತಿಕೊಂಡೇ ಬಂದಳು. ಬಾಳಾಸಾಬ ಬೇವಿನ ಗಿಡ ಹಿಡಿದು ನಿಂತಿದ್ದ. ಮಗಳು ಬಂದದ್ದೇ ದುಂಡೇಶನ ಕಡೆ ಬೆರಳು ಮಾಡಿದ.

"ಇವಗ ಯಾ ಜಡ್ಡೂ ಇಲ್ಲ ಬೇ! ಗ್ಯಾಸ್ ಖರೇನ ಗಾಡಿಗಽ ಹಚ್ಯಾನ! ಜಡ್ಡ ಇದ್ದಿದ್ರ ಮಿರಜಕ್ಕ ತೋರಸ್ತಿದ್ವಿ. ಇದನ್ನ ಎಲ್ಲಿ ತೋರಸೂದು? ಪಕ್ಕಾ ಮಾಡಿದ್ದ ಎಲ್ಲಾ ರದ್ದು!"

ಕೋಮಲ ಹೊಗೆಯನ್ನು ನೋಡಿದಳು, ಗಂಜಿ ಮೆತ್ತಿದ ದುಂಡೇಶನನ್ನು ನೋಡಿದಳು. "ಯಾಕ ಹಚ್ಚಿದ್ರಿ?"

ದುಂಡೇಶ ತಲೆ ತಗ್ಗಿಸಿದ. ಸುಳ್ಳು ಹೇಳುವ ತ್ರಾಣ ಉಳಿದಿರಲಿಲ್ಲ. "ಅವತ್ತ ನೀವ ನನ್ನ ಹಿಂ‍ದ ಹಾಕಿ ಹೊಳ್ಳಿ ನೋಡಿದ್ರಲ್ರಿ... ನನ್ನ ಗಾಡಿಗೆ ದಮ್ ಇಲ್ಲಂತ ನಕ್ಕಿರಿ ಅಂತ ತಿಳಕೊಂಡ್ನಿ. ನೀವ ಬ್ಯಾಡ ಅಂತೀರೇನೋ ಅಂತ ಜೀವಕ್ಕ ಹತ್ತಿತ್ತು."

"ನಾ ಯಾಕ ನೋಡಿದ್ನಿ ಅಂದ್ರ, ನಿಮ್ಮ ಹಿಂದಿನ ಗಾಲ್ಯಾಗಿಂದ ಹೊಗಿ ಬರಾಕತ್ತಿತ್ತು. ಹ್ಯಾಂಡ್‌ಬ್ರೇಕ್ ಜಗ್ಗಿದಾವ್ರು ಇಳಸಿರಲಿಲ್ಲ ನೀವು."

ಶೆಡ್ಡಿನ ಹೆಣ್ಣುಮಕ್ಕಳು ಸೆರಗು ಬಾಯಿಗೆ ಒತ್ತಿಕೊಂಡರು. ದುಂಡೇಶನಿಗೆ ಭೂಮಿ ಬಾಯ್ದೆರೆದರೆ ಒಳ್ಳೆಯದಿತ್ತು ಅನಿಸಿತು, ಅದು ತೆರೆಯಲಿಲ್ಲ. ಕೋಮಲಳ ತುಟಿ ಮೊದಲು ನಡುಗಿತು, ಆಮೇಲೆ ಅವಳು ಗಟ್ಟಿಯಾಗಿ ನಕ್ಕಳು. ಚಹಾ ಉಕ್ಕಿದ ಮಾತಿಗೆ ನಕ್ಕದ್ದಕ್ಕಿಂತ ಹೆಚ್ಚು ನಕ್ಕಳು. ನಕ್ಕು ಮುಗಿಸಿ ಅಪ್ಪನ ತಲೆಗೆ ಟೋಪಿ ಇಟ್ಟಳು.

"ಅಪ್ಪಾ, ನನಗಿಂವ ಇರ್ಲಿ. ಕೇಳಿದ್ರ ಖರೆ ಹೇಳ್ತಾನ. ಕಲಿಸಿದ್ರ ಕಲೀತಾನ. ಗಾಡೀನಂತೂ ಸತ್ತತು."

"ಹುಚ್ಚ ಐತಿ ಇಂವಗ!"

"ಹುಚ್ಚ ಬಿಡೂ ತನಕಾ ಮದಿವಿ ಇಲ್ಲ, ಮದಿವಿ ಆಗೂ ತನಕಾ ಹುಚ್ಚ ಬಿಡೂದಿಲ್ಲ ಅಂತ ನೀವಽ ಹೇಳ್ತೀರಲ್ಲ."

ಬಾಳಾಸಾಬ ಬೇವಿನ ಗಿಡ ಬಿಟ್ಟು ಕೆಳಗೆ ಕೂತ. ಮಗಳ ಮಾತಿಗೆ ಎದುರಾಡಿ ಅವನು ಯಾವತ್ತೂ ಗೆದ್ದಿರಲಿಲ್ಲ. ಅವನ ಚಿಂತೆ ಈಗ ಬೇರೆ ಕಡೆ ಹೊರಳಿತ್ತು. ಅಥಣಿಯಿಂದ ನಿಪ್ಪಾಣಿಯವರೆಗೆ ಚೆಲ್ಲಿದ್ದ ಬೀಗರು, ಬಿಜ್ಜರು ಒಬ್ಬೊಬ್ಬರಾಗಿ ಅವನ ಕಣ್ಣ ಮುಂದೆ ಬಂದು ಹೋದರು. ಅವನು ಬೆರಳೆತ್ತಿದ.

"ಕೇಳ್ರಿ ಇಬ್ರೂ. ಜಡ್ಡಿನವಗ ಮಗಳನ್ನ ಕೊಟ್ಟ ಅಂದ್ರ ಮಂದಿ ನನ್ನ ದೊಡ್ಡ ಮನಸಿನವ ಅಂತಾರ. ಚಲೋ ಗಾಡಿಗೆ ಗ್ಯಾಸ್ ಹಚ್ಚಿ ಸುಟ್ಟಾವಗ ಕೊಟ್ಟ ಅಂದ್ರ ನನಗೂ ಹುಚ್ಚ ಅಂತಾರ. ನಿಮ್ಮ ಅಪ್ಪಗ ತಿಳದ್ರ ನಿನ್ನ ಕಾಲ ಮುರೀತಾನ, ಕುಂಟ ಅಳಿಯಾ ನನಗ ಬ್ಯಾಡ. ಅದಕ್ಕ, ನಿನಗ ಜಡ್ಡ ಇತ್ತು. ಖರೇನ ಇತ್ತು. ಸಾವಕಾಶ ಆರಾಮ ಆಗಾಕತ್ತೈತಿ. ಲಗೂನ ಆರಾಮ ಆಗಬ್ಯಾಡ, ಮಂದಿಗೆ ಸಂಶೇ ಬರ್ತೈತಿ. ಒಂದ ವರ್ಷ ತಗೋ."

ದುಂಡೇಶ ಕೋಮಲಳ ಮುಖ ನೋಡಿದ. ಅವಳು ಹುಬ್ಬು ಹಾರಿಸಿದಳು. "ಹೂಂ ಮಾಮಾರ," ಅಂದ. ಶೆಡ್ಡಿನ ಹೆಣ್ಣುಮಕ್ಕಳ ಬಾಯಿಯನ್ನು ಬಾಳಾಸಾಬ ಒಂದೊಂದು ಕಿಲೊ ಒಣದ್ರಾಕ್ಷಿ ಕೊಟ್ಟು ಮುಚ್ಚಿಸಿದ.

ಕಾರನ್ನು ಒಂದು ಕಬ್ಬಿನ ಟ್ರ್ಯಾಕ್ಟರು ಎಳೆದುಕೊಂಡು ಹೋಯಿತು. ಗುಜರಿಯವನ ಪಾಲಾದ ಕಾರಿನ ಬಗ್ಗೆ ಯಾರೂ ಏನೂ ಕೇಳಲಿಲ್ಲ. ಮಗನ ಔಷಧಕ್ಕೆ ಮಾರಿರಬೇಕು ಎಂದು ಊರೇ ಅರ್ಥ ಮಾಡಿಕೊಂಡು ಕಣ್ಣೀರು ಹಾಕಿತು. ಎಮ್ಮೆ ಹಾಲು ಹೆಚ್ಚಿಸಿತು.

ಮುಂದಿನ ತಿಂಗಳು ಕಾಗವಾಡದಲ್ಲಿ ಸಾಕರಪುಡಾ ನಡೆಯಿತು. ಬೀಗರಿಗೆ ಸಕ್ಕರೆ ಪೊಟ್ಟಣ ಕೊಟ್ಟು ಸಂಬಂಧ ಗಟ್ಟಿ ಮಾಡುವ ಶಾಸ್ತ್ರವದು. ಶಾಮಿಯಾನದ ಕೆಳಗೆ ನೆರೆದ ಮಂದಿ ಬಾಳಾಸಾಬನ ಕೈ ಹಿಡಿದು, "ಎಂಥಾ ದೊಡ್ಡ ಮನಸ್ರಿ ನಿಮ್ದು" ಎನ್ನುತ್ತಿದ್ದರು. ಬಾಳಾಸಾಬ ನೆಲ ನೋಡುತ್ತ, "ಎಲ್ಲಾ ದೇವರಿಂದು" ಎನ್ನುತ್ತಿದ್ದ. ರಾವಸಾಹೇಬ ಮಗನ ಬೆನ್ನಿನ ಮೇಲಿನ ಕೈ ತೆಗೆದಿರಲಿಲ್ಲ. ಆ ಕೈಯ ಬಿಸಿಗೆ ದುಂಡೇಶನಿಗೆ ಖರೇ ಹೇಳಿಬಿಡಬೇಕೆಂದು ಎರಡು ಸಲ ಅನಿಸಿತು, ಎರಡು ಸಲವೂ ತನ್ನ ಕಾಲುಗಳನ್ನು ನೋಡಿಕೊಂಡ. ಮಂಟಪದಲ್ಲಿ ಕೋಮಲಳ ಪಕ್ಕ ಕೂತ ಮೇಲೂ ಬಿಡುವಿಲ್ಲ. ದಮ್ಮಿನ ಜಡ್ಡಿದ್ದವರೆಲ್ಲ ಸಾಲು ಹಚ್ಚಿ ಬಂದು ಸಲಹೆ ಕೇಳುತ್ತಿದ್ದರು. ಶಾಸ್ತ್ರ ಹೇಳಬೇಕಿದ್ದ ಅಯ್ಯನವರೂ ಮಂತ್ರದ ನಡುವೆ ಬಗ್ಗಿ, "ಪಾಲಕದ ಸಾರ ನಡೀತೈತೇನು?" ಎಂದು ಕೇಳಿದರು. ಎಲ್ಲರಿಗೂ ದುಂಡೇಶ ಗಂಜಿ ಹೇಳಿದ.

ಕೊನೆಗೆ ಕಪ್ಪು ಕೋಟಿನ ಒಬ್ಬ ಮನುಷ್ಯ ಬಂದು ನಿಂತ. ಬಾಳಾಸಾಬನ ಸೋದರ ಸಂಬಂಧಿ. ಅಥಣಿಯ ಕಡೆ ದೊಡ್ಡ ದವಾಖಾನೆಯಲ್ಲಿ ಎದೆಯ ಡಾಕ್ಟರು. ದುಂಡೇಶನನ್ನು ಮೇಲಿಂದ ಕೆಳಗೆ ನೋಡಿದ, ಅವನ ಕೆಂಪು ಕೆನ್ನೆ ನೋಡಿದ, ಉಂಡು ಉಬ್ಬಿದ ಹೊಟ್ಟೆ ನೋಡಿದ.

"ಮನಷ್ಯಾ ಗುಂಡಕಲ್ಲಿನಂಗ ಅದಾನ," ಎಂದು ಜೋರಾಗಿಯೇ ಅಂದ. "ಇವಗ ಆಕ್ಸಿಜನ್ ಹಚ್ಚಿದಾವ ಯಾವ ಡಾಕ್ಟರು?"

ಶಾಮಿಯಾನದ ತಲೆಗಳೆಲ್ಲ ಇತ್ತ ಹೊರಳಿದವು. ಬಾಳಾಸಾಬನ ಟೋಪಿಯ ಕೆಳಗೆ ಬೆವರು ಇಳಿಯಿತು. ರಾವಸಾಹೇಬ ಮೆಲ್ಲಗೆ ಮಗನ ಕಡೆ ತಿರುಗಿದ. ಹಸಿರು ಸೀರೆಯ ಸೆರಗಿನ ಒಳಗಿಂದ ಕೋಮಲಳ ಮೊಣಕೈ ದುಂಡೇಶನ ಪಕ್ಕೆಗೆ ಚುರ್ರೆಂದು ತಿವಿಯಿತು. ತುಟಿ ಅಲುಗಿಸದೆ ಅವಳು ಅವನ ಸಂಸಾರದ ಮೊದಲನೇ ಆಜ್ಞೆ ಕೊಟ್ಟಳು:

"ಕೆಮ್ಮರಿ."

ದುಂಡೇಶ ಕೆಮ್ಮಿದ.